ಮಳೆ ಗ್ರಾಫ್ ನೋಟ್‌ಬುಕ್‌ನಲ್ಲಿ ಮೂಡದಿದ್ದರೆ: ಕೆಟ್ಟಿರುವುದು ಕರ್ನಲ್ಲೋ, ಬ್ರೌಸರೋ, ಲೆಕ್ಕದ ಪುಸ್ತಕವೋ?

ಆಲ್ದೂರು, ಮೂಡಿಗೆರೆ, ಕೊಪ್ಪ ಕಡೆಯ ಕಾಫಿ ತೋಟಗಳಲ್ಲಿ ಬೆಳಿಗ್ಗೆ ರೇನ್‌ಗೇಜ್ ಅಳೆದು ಹಿಂದಿನ ದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಅಜ್ಜಂದಿರ ಕಾಲದಿಂದ ಬಂದದ್ದು. ಈಗ ಆ ಮನೆಗಳ ಮಕ್ಕಳು ಆ ಪುಸ್ತಕಗಳನ್ನು ಎಕ್ಸೆಲ್‌ಗೆ ಏರಿಸಿ, ಜುಪಿಟರ್ ನೋಟ್‌ಬುಕ್‌ನಲ್ಲಿ (ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಬರೆದು ಓಡಿಸುವ ಪುಟ) ಗ್ರಾಫ್ ಮಾಡಲು ಕೂರುತ್ತಿದ್ದಾರೆ. ನನ್ನ ಮಟ್ಟಿಗೆ ಇದು ತುಂಬ ಬೆಲೆಯುಳ್ಳ ಕೆಲಸ. ಗೆದ್ದಲು ಹಿಡಿಯುವ ಮೊದಲು ಆ ಪುಸ್ತಕಗಳು ಕಂಪ್ಯೂಟರ್ ಸೇರಬೇಕು.

ಈ ಲೆಕ್ಕಕ್ಕೆ ಸಾದಾ ಚಿತ್ರ ಸಾಲದು. ಜುಲೈ, ಆಗಸ್ಟ್ ತಿಂಗಳ ಮುಂಗಾರಿನ ಎದುರು ಮಾರ್ಚ್‌–ಏಪ್ರಿಲ್‌ನ ಒಂದಿಂಚು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಗ್ರಾಫ್‌ನ ತಳದಲ್ಲಿ ಒಂದು ಗೀರಿನಷ್ಟೂ ಕಾಣುವುದಿಲ್ಲ. ರೊಬಸ್ಟಾ ಬೆಳೆಗಾರ ಹುಡುಕುವುದೇ ಆ ಒಂದಿಂಚನ್ನು, ಅದಾದ ಮೇಲೆ ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ) ಎಷ್ಟು ದಿನಕ್ಕೆ ಬಂತು ಎನ್ನುವುದನ್ನು. ಆ ಜಾಗವನ್ನು ಎಳೆದು ಹಿಗ್ಗಿಸಿ ನೋಡಲು ಆಗಬೇಕು, ಮೌಸ್ ಇಟ್ಟರೆ ತಾರೀಖೂ ಇಂಚೂ ಕಾಣಬೇಕು. ಹಾಗಾಗಿ ಎಲ್ಲರೂ ಪೈಥಾನ್‌ನ ಗ್ರಾಫ್ ಲೈಬ್ರರಿಗಳಾದ ಪ್ಲಾಟ್ಲಿ, ಬೊಕೆ, ಆಲ್ಟೇರ್, ಇಲ್ಲವೇ ಮ್ಯಾಟ್‌ಪ್ಲಾಟ್‌ಲಿಬ್‌ನ ವಿಜೆಟ್ (ಮೌಸ್‌ಗೆ ಸ್ಪಂದಿಸುವ ವಿಧಾನ) ಕಡೆಗೆ ಬರುತ್ತಾರೆ. ಬಂದ ಕೂಡಲೇ ಒಂದೇ ದೂರು: ‘ಗ್ರಾಫ್ ಬರ್ತಿಲ್ಲ.’

ಬರದಿದ್ದರೆ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ಹೆಚ್ಚಿನವರ ಮೊದಲ ಹೆಜ್ಜೆ. ದಯವಿಟ್ಟು ಹಾಗೆ ಮಾಡಬೇಡಿ. ಸರಿಹೋದರೂ ಏನು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ.)

ಎಲ್ಲಿ ಕೆಟ್ಟಿದೆ?

ನೋಟ್‌ಬುಕ್ ಒಂದೇ ಕಿಟಕಿಯಲ್ಲಿ ಕಂಡರೂ ಕೆಲಸ ಎರಡು ಕಡೆ ನಡೆಯುತ್ತದೆ. ಕರ್ನಲ್ ನಿಮ್ಮ ಪೈಥಾನ್ ಓಡಿಸಿ, ಲೆಕ್ಕ ಮಾಡಿ, ಗ್ರಾಫ್‌ನ ವಿವರಣೆಯನ್ನು ಸಿದ್ಧಪಡಿಸುತ್ತದೆ. ಬ್ರೌಸರ್ ಆ ವಿವರಣೆ ತೆಗೆದುಕೊಂಡು ಜಾವಾಸ್ಕ್ರಿಪ್ಟ್‌ನಿಂದ ಬಿಡಿಸುತ್ತದೆ. ನಡುವೆ ಎರಡನ್ನೂ ಜೋಡಿಸುವ ಸಂಪರ್ಕವಿದೆ. ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ ತಿರುಗದಿದ್ದರೆ ಮೊದಲು ಪಂಪ್ ಓಡುತ್ತಿದೆಯಾ, ಆಮೇಲೆ ಪೈಪ್‌ನಲ್ಲಿ ನೀರಿದೆಯಾ, ಕೊನೆಗೆ ಜೆಟ್‌ನ ಬಾಯಿ ಕಟ್ಟಿದೆಯಾ ಅಂತ ನೋಡುತ್ತೇವಲ್ಲ, ಇಲ್ಲೂ ಅದೇ ಕ್ರಮ.

ಮೊದಲು ಖಾಲಿ ಸೆಲ್‌ನಲ್ಲಿ (ಕೋಡ್ ಬರೆಯುವ ಚೌಕ) 1+1 ಹಾಕಿ ಓಡಿಸಿ. 2 ಬಂದರೆ ಕರ್ನಲ್ ಬದುಕಿದೆ. ಸೆಲ್‌ನ ಪಕ್ಕ ನಕ್ಷತ್ರ ಚಿಹ್ನೆ ಹಾಗೇ ನಿಂತಿದ್ದರೆ ಕರ್ನಲ್ ಹಿಂದಿನ ಯಾವುದೋ ಕೆಲಸದಲ್ಲಿ ಸಿಕ್ಕಿಕೊಂಡಿದೆ, ಇಲ್ಲವೇ ಸತ್ತಿದೆ. ರೀಸ್ಟಾರ್ಟ್ ಮಾಡಿ. ಇಲ್ಲಿಗೇ ಸರಿಯಾದರೆ ಮುಂದಿನದು ಬೇಕಿಲ್ಲ.

ಆಮೇಲೆ ನಿಮ್ಮ ಮಳೆ ಲೆಕ್ಕವನ್ನು ಬದಿಗಿಟ್ಟು, ಮೂರೇ ಚುಕ್ಕೆಯ ಗ್ರಾಫ್ ಮಾಡಿ: ಎಕ್ಸ್‌ಗೆ 1, 2, 3, ವೈಗೆ 4, 1, 5. ಅದು ಮೂಡಿದರೆ ಕಂಪ್ಯೂಟರ್ ಸರಿಯಿದೆ, ದೋಷ ನಿಮ್ಮ ಲೆಕ್ಕದಲ್ಲಿದೆ. ಅಂಥವರು ನೇರವಾಗಿ ‘ಪುಸ್ತಕದಿಂದ ಬರುವ ದೋಷಗಳು’ ಎಂಬ ಭಾಗಕ್ಕೆ ಹೋಗಿ.

ಮೂರು ಚುಕ್ಕೆಯೂ ಮೂಡದಿದ್ದರೆ ಪ್ಲಾಟ್ಲಿ ಬಳಸುವವರಿಗೆ ಒಂದು ಪರೀಕ್ಷೆ ಇದೆ. ಎಲ್ಲ ಪರೀಕ್ಷೆಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಫಿಗ್.ರೈಟ್_ಎಚ್‌ಟಿಎಂಎಲ್ ಎಂಬ ಆಜ್ಞೆಯಿಂದ ಗ್ರಾಫನ್ನು ಬೇರೆ ಕಡತವಾಗಿ ಉಳಿಸಿ, ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲಿ ಚೆನ್ನಾಗಿ ಮೂಡಿದರೆ ಪೈಥಾನ್ ಸರಿ, ಬ್ರೌಸರ್ ಸರಿ. ಕೆಟ್ಟಿರುವುದು ನೋಟ್‌ಬುಕ್ ಅವೆರಡನ್ನು ಜೋಡಿಸುವ ರೀತಿ. ಅಲ್ಲೂ ಖಾಲಿ ಬಂದರೆ ಗ್ರಾಫ್ ಕಟ್ಟಿದ್ದರಲ್ಲೇ ತಪ್ಪಿದೆ, ಅಥವಾ ಬ್ರೌಸರ್ ಜಾವಾಸ್ಕ್ರಿಪ್ಟನ್ನು ತಡೆಯುತ್ತಿದೆ. ಬೊಕೆಯಲ್ಲಿ ಸೇವ್ ಎಂಬ ಆಜ್ಞೆಯಿಂದಲೂ, ಆಲ್ಟೇರ್‌ನಲ್ಲಿ ಚಾರ್ಟ್.ಸೇವ್‌ನಿಂದಲೂ ಇದೇ ಪರೀಕ್ಷೆ ಮಾಡಬಹುದು.

ಕೊನೆಗೆ ಎಫ್12 ಒತ್ತಿ ಬ್ರೌಸರ್‌ನ ಕನ್ಸೋಲ್ ತೆರೆಯಿರಿ. ಕರ್ನಲ್‌ನ ತಪ್ಪು ಸೆಲ್‌ನ ಕೆಳಗೇ ಬರುತ್ತದೆ. ಬ್ರೌಸರ್‌ನ ತಪ್ಪು ಬರುವುದು ಇಲ್ಲಿ, ಕೆಂಪು ಅಕ್ಷರದಲ್ಲಿ. ‘ಎರರ್ ಏನೂ ಇಲ್ಲ, ಆದರೂ ಖಾಲಿ’ ಅನ್ನುವವರಲ್ಲಿ ಹೆಚ್ಚಿನವರು ಈ ಕನ್ಸೋಲನ್ನು ತೆರೆದೇ ಇರುವುದಿಲ್ಲ.

ಖಾಲಿ ಜಾಗ, ಇಲ್ಲವೇ ಅಲುಗಾಡದ ಚಿತ್ರ

ಗ್ರಾಫ್ ಬಂದಿದೆ, ಆದರೆ ಎಳೆದರೆ ಹಿಗ್ಗುವುದಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದು ದೋಷವಲ್ಲ, ಅದರ ಮಾಮೂಲಿ ನಡತೆ. ನೋಟ್‌ಬುಕ್‌ನಲ್ಲಿ ಅದು ತಾನಾಗಿ ಇನ್‌ಲೈನ್ ಎಂಬ ವಿಧಾನ ಹಿಡಿಯುತ್ತದೆ, ಹಾಗೆಂದರೆ ಬರೀ ಪಿಎನ್‌ಜಿ ಚಿತ್ರ. ಹಳೆಯ ಪಾಠಗಳಲ್ಲಿ ‘%ಮ್ಯಾಟ್‌ಪ್ಲಾಟ್‌ಲಿಬ್ ನೋಟ್‌ಬುಕ್’ ಹಾಕಿ ಅಂತ ಬರೆದಿರುತ್ತದೆ. ಅದು ನಡೆಯುತ್ತಿದ್ದದ್ದು ನೋಟ್‌ಬುಕ್ 6 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ. 2023ರ ಜುಲೈನಲ್ಲಿ ಬಂದ ನೋಟ್‌ಬುಕ್ 7 ಜುಪಿಟರ್‌ನ ಇನ್ನೊಂದು ರೂಪವಾದ ಜುಪಿಟರ್‌ಲ್ಯಾಬ್‌ನ ತಳಹದಿಯ ಮೇಲೆ ಕಟ್ಟಿದ್ದು. ಅಲ್ಲಿ ಆ ಆಜ್ಞೆ ಹಾಕಿದರೆ ‘ಐಪೈಥಾನ್ ಈಸ್ ನಾಟ್ ಡಿಫೈನ್ಡ್’ ಎಂಬ ಜಾವಾಸ್ಕ್ರಿಪ್ಟ್ ತಪ್ಪು ಬರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ವಿಜೆಟ್ ವಿಧಾನ ಕೊಡುವ ಐಪಿವೈಎಂಪಿಎಲ್ ಎಂಬ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಕರ್ನಲ್ ರೀಸ್ಟಾರ್ಟ್ ಮಾಡಿ, ಬ್ರೌಸರ್ ಪುಟವನ್ನೂ ರಿಫ್ರೆಶ್ ಮಾಡಿ, ‘%ಮ್ಯಾಟ್‌ಪ್ಲಾಟ್‌ಲಿಬ್ ವಿಜೆಟ್’ ಹಾಕಿ. ರಿಫ್ರೆಶ್ ಮಾಡುವುದನ್ನು ಬಿಡಬೇಡಿ: ರೀಸ್ಟಾರ್ಟ್‌ನಿಂದ ಹೊಸದಾಗುವುದು ಕರ್ನಲ್ ಮಾತ್ರ, ಬ್ರೌಸರ್ ಕಡೆಯ ತುಂಡು ಬರುವುದು ಪುಟ ಮತ್ತೆ ತೆರೆದಾಗ.

ಪ್ಲಾಟ್ಲಿಯಲ್ಲಿ ‘ಮೈಮ್ ಟೈಪ್ ರೆಂಡರಿಂಗ್ ರಿಕ್ವೈರ್ಸ್ ಎನ್‌ಬಿಫಾರ್ಮ್ಯಾಟ್’ ಎಂಬ ತಪ್ಪು ಬಂದರೆ ಅದು ಕೇಳಿದ್ದನ್ನೇ ಕೊಡಿ: ಎನ್‌ಬಿಫಾರ್ಮ್ಯಾಟ್ ಇನ್‌ಸ್ಟಾಲ್ ಮಾಡಿ ಕರ್ನಲ್ ರೀಸ್ಟಾರ್ಟ್ ಮಾಡಿ. ತಪ್ಪೇ ಇಲ್ಲದೆ ಖಾಲಿ ಬಂದರೆ ರೆಂಡರರ್ (ಗ್ರಾಫನ್ನು ಹೇಗೆ ತೋರಿಸಬೇಕೆಂಬ ಸೆಟ್ಟಿಂಗ್) ನೋಡಿ. ಪ್ಲಾಟ್ಲಿ.ಐಒ ಒಳಗಿನ ರೆಂಡರರ್ಸ್.ಡೀಫಾಲ್ಟ್ ಏನಿದೆ ಅಂತ ಮುದ್ರಿಸಿ. ಅಲ್ಲಿ ‘ನೋಟ್‌ಬುಕ್_ಕನೆಕ್ಟೆಡ್’ ಇದ್ದರೆ ಬಿಡಿಸುವ ಜಾವಾಸ್ಕ್ರಿಪ್ಟನ್ನು ಅದು ಪ್ರತಿ ಸಲ ಇಂಟರ್ನೆಟ್‌ನಿಂದ ತರುತ್ತದೆ. ಪೇಟೆಯ ಹಾಸ್ಟೆಲಿನಲ್ಲಿ ಚೆನ್ನಾಗಿ ಮೂಡಿದ್ದು ತೋಟದ ಮನೆಗೆ ಬಂದ ಮೇಲೆ ಖಾಲಿಯಾಗುತ್ತದೆ, ಏಕೆಂದರೆ ಮಳೆಗಾಲದಲ್ಲಿ ಅಲ್ಲಿ ನೆಟ್‌ವರ್ಕ್ ಇರುವುದೇ ಅಪರೂಪ. ಅದನ್ನು ‘ನೋಟ್‌ಬುಕ್’ ಎಂದು ಬದಲಿಸಿದರೆ ಜಾವಾಸ್ಕ್ರಿಪ್ಟ್ ಕಡತದೊಳಗೇ ಕೂರುತ್ತದೆ. ಕಡತ ಕೆಲವು ಎಂಬಿ ದಪ್ಪವಾಗುತ್ತದೆ, ಆದರೆ ನೆಟ್ ಬೇಡ. ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುವುದು. ಯಾವುದೂ ನಡೆಯದಿದ್ದರೆ ‘ಐಫ್ರೇಮ್’ ಹಾಕಿ. ಅದು ಪ್ರತಿ ಗ್ರಾಫನ್ನೂ ಬೇರೆ ಎಚ್‌ಟಿಎಂಎಲ್ ಕಡತ ಮಾಡಿ ಪುಟದೊಳಗೆ ಕೂರಿಸುವುದರಿಂದ ನೋಟ್‌ಬುಕ್‌ನ ಎಕ್ಸ್‌ಟೆನ್ಶನ್‌ಗಳ ಹಂಗು ಇರುವುದಿಲ್ಲ.

2025ರ ಜನವರಿಯಲ್ಲಿ ಬಂದ ಪ್ಲಾಟ್ಲಿ 6, ನೋಟ್‌ಬುಕ್ 7ಕ್ಕಿಂತ ಹಳೆಯದಕ್ಕೆ ಬೆಂಬಲ ನಿಲ್ಲಿಸಿತು. ಕರ್ನಲ್ ಜೊತೆ ಸಂಪರ್ಕದಲ್ಲಿರುವ ಪ್ಲಾಟ್ಲಿ ಗ್ರಾಫ್ ಆದ ಫಿಗರ್‌ವಿಜೆಟ್‌ಗೆ ಈಗ ಎನಿವಿಜೆಟ್ ಎಂಬ ಪ್ಯಾಕೇಜ್ ಬೇಕು. ಹಳೆಯ ನೋಟ್‌ಬುಕ್, ಹೊಸ ಪ್ಲಾಟ್ಲಿ ಇದ್ದವರು ಎರಡರಲ್ಲಿ ಒಂದನ್ನು ಬದಲಿಸಲೇಬೇಕು. ನೋಟ್‌ಬುಕ್ಕನ್ನೇ ಮೇಲೇರಿಸುವುದು ವಾಸಿ.

ಇನ್ನು, ಇನ್‌ಸ್ಟಾಲ್ ಮಾಡಿದ್ದರೂ ‘ಅಂಥ ಮಾಡ್ಯೂಲ್ ಇಲ್ಲ’ ಎನ್ನುವ ತಪ್ಪು. ಇದಕ್ಕೆ ಕಾರಣ ಬಹುಪಾಲು ಒಂದೇ: ಟರ್ಮಿನಲ್‌ನ ಪಿಪ್ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಆಜ್ಞೆ) ಒಂದು ಪೈಥಾನ್‌ಗೆ ಸೇರಿದ್ದು, ಕರ್ನಲ್ ಓಡುವುದು ಇನ್ನೊಂದರಲ್ಲಿ. ಸೆಲ್‌ನಲ್ಲಿ ಸಿಸ್.ಎಕ್ಸಿಕ್ಯೂಟಬಲ್ ಮುದ್ರಿಸಿದರೆ ಕರ್ನಲ್ ಯಾವ ಪೈಥಾನ್ ಬಳಸುತ್ತಿದೆ ಅಂತ ದಾರಿಸಮೇತ ತೋರಿಸುತ್ತದೆ. ಸೆಲ್‌ನೊಳಗೇ ‘%ಪಿಪ್ ಇನ್‌ಸ್ಟಾಲ್’ ಹಾಕಿದರೆ ಅದೇ ಪೈಥಾನ್‌ಗೆ ಹೋಗುತ್ತದೆ. ಆದರೆ ವಿಜೆಟ್ ಇರುವ ಗ್ರಾಫ್‌ಗಳಿಗೆ ಇಷ್ಟೇ ಸಾಲದಿರಬಹುದು. ಜುಪಿಟರ್‌ಲ್ಯಾಬ್ ಒಂದು ಎನ್ವಿರಾನ್‌ಮೆಂಟ್‌ನಲ್ಲಿ (ತನ್ನದೇ ಪ್ಯಾಕೇಜ್‌ಗಳಿರುವ ಪ್ರತ್ಯೇಕ ಪೈಥಾನ್), ಕರ್ನಲ್ ಮತ್ತೊಂದರಲ್ಲಿ ಇದ್ದರೆ ಐಪಿವೈಎಂಪಿಎಲ್ ಎರಡೂ ಕಡೆ ಬೇಕು: ಕರ್ನಲ್ ಕಡೆ ಪೈಥಾನ್ ತುಂಡಿಗೆ, ಲ್ಯಾಬ್ ಕಡೆ ಬ್ರೌಸರ್ ತುಂಡಿಗೆ.

ಬೊಕೆಯಲ್ಲಿ ಖಾಲಿ ಬಂದರೆ ಮೊದಲು ಔಟ್‌ಪುಟ್_ನೋಟ್‌ಬುಕ್ ಕರೆದಿದ್ದೀರಾ ನೋಡಿ. ರೀಸ್ಟಾರ್ಟ್ ಆದ ಮೇಲೆ ಅದನ್ನು ಮತ್ತೆ ಕರೆಯಬೇಕು. ಇನ್ನೊಬ್ಬರು ಕಳಿಸಿದ ನೋಟ್‌ಬುಕ್ ತೆರೆದಾಗ ಮಾತ್ರ ಗ್ರಾಫ್ ಕಾಣದಿದ್ದರೆ ಅದು ದೋಷವಲ್ಲ, ಕಾವಲು: ನಿಮ್ಮ ಕಂಪ್ಯೂಟರಿನಲ್ಲಿ ಓಡಿಸದ ಜಾವಾಸ್ಕ್ರಿಪ್ಟನ್ನು ಜುಪಿಟರ್ ನಂಬುವುದಿಲ್ಲ. ಸೆಲ್‌ಗಳನ್ನು ಮತ್ತೆ ಓಡಿಸಿ, ಇಲ್ಲವೇ ಕಳಿಸಿದವರು ಗೊತ್ತಿದ್ದವರಾದರೆ ಟ್ರಸ್ಟ್ ಕೊಡಿ.

ಸ್ಲೈಡರ್ ಎಳೆದರೂ ಗ್ರಾಫ್ ಬದಲಾಗದಿದ್ದರೆ

ಪ್ಲಾಟ್ಲಿಯ ಸಾದಾ ಗ್ರಾಫ್ ಒಮ್ಮೆ ಬ್ರೌಸರ್‌ಗೆ ಬಂದರೆ ಕರ್ನಲ್ ಸತ್ತರೂ ಹಿಗ್ಗುತ್ತದೆ, ಕುಗ್ಗುತ್ತದೆ. ಸ್ಲೈಡರ್, ಬಟನ್‌ಗಳನ್ನು ಕೊಡುವ ಐಪಿವೈವಿಜೆಟ್ಸ್ ಲೈಬ್ರರಿಯ ಸ್ಲೈಡರ್ ಹಾಗಲ್ಲ. ವರ್ಷ ಬದಲಿಸುವ ಸ್ಲೈಡರ್ ಎಳೆದಾಗಲೆಲ್ಲ ಬ್ರೌಸರ್ ಕರ್ನಲ್‌ಗೆ ಸುದ್ದಿ ಕಳಿಸಬೇಕು, ಕರ್ನಲ್ ನಿಮ್ಮ ಫಂಕ್ಷನ್ ಓಡಿಸಿ ಉತ್ತರ ಕೊಡಬೇಕು. ಈ ವ್ಯತ್ಯಾಸದಿಂದಲೇ ಪತ್ತೆ ಮಾಡಬಹುದು: ಹಿಗ್ಗುತ್ತದೆ ಆದರೆ ಸ್ಲೈಡರ್ ಕೇಳುವುದಿಲ್ಲ ಅಂದರೆ ಬ್ರೌಸರ್ ಸರಿಯಿದೆ, ಕರ್ನಲ್ ಅಥವಾ ನಡುವಿನ ಸಂಪರ್ಕ ಹೋಗಿದೆ. ಕರೆಂಟ್ ಹೋಗಿ ಬಂದ ಮೇಲೆ, ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಇದು ಆಗುವುದು ಸಾಮಾನ್ಯ. ‘ಮಾಡೆಲ್ ನಾಟ್ ಫೌಂಡ್’ ಎಂಬ ಸಾಲು ಕಂಡರೂ ಅರ್ಥ ಇದೇ. ಸೆಲ್ ಮತ್ತೆ ಓಡಿಸಿದರೆ ಹೊಸ ಸಂಪರ್ಕ ಸಿಗುತ್ತದೆ.

ಕರ್ನಲ್ ಬದುಕಿದ್ದೂ ಸ್ಲೈಡರ್ ಸುಮ್ಮನಿದ್ದರೆ ನಿಮ್ಮ ಫಂಕ್ಷನ್‌ನೊಳಗೆ ತಪ್ಪಿದೆ, ಅದು ಕಾಣುತ್ತಿಲ್ಲ. ವಿಜೆಟ್‌ನಿಂದ ಕರೆದ ಫಂಕ್ಷನ್‌ನ ಎರರ್ ಸೆಲ್‌ನ ಕೆಳಗೆ ಬರದೆ ಲ್ಯಾಬ್‌ನ ಲಾಗ್ ಕನ್ಸೋಲ್‌ಗೆ ಹೋಗಬಹುದು. ಔಟ್‌ಪುಟ್ ಎಂಬ ವಿಜೆಟ್ ಮಾಡಿ, ಅದರ ಕ್ಯಾಪ್ಚರ್ ಅನ್ನು ಫಂಕ್ಷನ್‌ನ ತಲೆಯ ಮೇಲೆ ಹಾಕಿ, ಆ ವಿಜೆಟನ್ನು ಪುಟದಲ್ಲಿ ತೋರಿಸಿ. ಎರರ್ ಅಲ್ಲಿಗೆ ಬಂದು ಬೀಳುತ್ತದೆ. ಇದಕ್ಕಿಂತ ಸುಲಭದ ದಾರಿಯೂ ಇದೆ: ಸ್ಲೈಡರ್ ಬಿಟ್ಟು, ಫಂಕ್ಷನ್‌ಗೆ 1998 ಅಂತ ಒಂದು ವರ್ಷ ಕೊಟ್ಟು ನೇರವಾಗಿ ಕರೆಯಿರಿ. ಎಳೆಯುವಾಗ ತಡವರಿಸಿದರೆ ಕಂಟಿನ್ಯುಅಸ್_ಅಪ್‌ಡೇಟ್ ಅನ್ನು ಫಾಲ್ಸ್ ಮಾಡಿ, ಆಗ ಬೆರಳು ಬಿಟ್ಟ ಮೇಲಷ್ಟೇ ಲೆಕ್ಕ ಓಡುತ್ತದೆ.

ಕನ್ನಡ ಅಕ್ಷರದ ಬದಲು ಚೌಕಗಳು

ತಿಂಗಳ ಹೆಸರು, ತೋಟದ ಹೆಸರು ಕನ್ನಡದಲ್ಲೇ ಇರಲಿ ಅನ್ನುವವರಿಗೆ ಇದು ಬೇಗ ಎದುರಾಗುತ್ತದೆ. ಕೆಲಸ ಕರ್ನಲ್‌ನದೋ ಬ್ರೌಸರ್‌ನದೋ ಎಂಬ ಮೇಲಿನ ಪ್ರಶ್ನೆಯೇ ಇಲ್ಲೂ ಉತ್ತರ ಕೊಡುತ್ತದೆ. ಪ್ಲಾಟ್ಲಿಯಲ್ಲಿ ಅಕ್ಷರ ಬರೆಯುವುದು ಬ್ರೌಸರ್. ಅದಕ್ಕೆ ಕಂಪ್ಯೂಟರಿನ ಕನ್ನಡ ಫಾಂಟ್ ಗೊತ್ತು, ಒತ್ತಕ್ಷರ ಕೂಡಿಸುವುದೂ ಗೊತ್ತು, ಹಾಗಾಗಿ ‘ಚಿಕ್ಕಮಗಳೂರು’ ಸರಿಯಾಗಿ ಬರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ, ವಿಜೆಟ್ ವಿಧಾನದಲ್ಲೂ, ಅಕ್ಷರ ಬರೆಯುವುದು ಕರ್ನಲ್ ಕಡೆ. ಅದು ತಾನಾಗಿ ಬಳಸುವ ಡೇಜಾವು ಸಾನ್ಸ್ ಫಾಂಟ್‌ನಲ್ಲಿ ಕನ್ನಡ ಇಲ್ಲ, ಅದಕ್ಕೇ ಚೌಕಗಳು; ‘ಗ್ಲಿಫ್ 3221 ಮಿಸ್ಸಿಂಗ್’ ಎಂಬ ಎಚ್ಚರಿಕೆಯೂ ಬರುತ್ತದೆ. 3221 ಅಂದರೆ ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ. ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಕೊಟ್ಟರೆ ಚೌಕ ಹೋಗುತ್ತದೆ, ಆದರೆ ಒತ್ತುಗಳು ಕೂಡದೆ ಬಿಡಿಬಿಡಿಯಾಗಿ ನಿಲ್ಲಬಹುದು. ಕನ್ನಡ ಚೆನ್ನಾಗಿ ಕಾಣಲೇಬೇಕು ಅಂದರೆ ಪ್ಲಾಟ್ಲಿ, ಬೊಕೆ, ಆಲ್ಟೇರ್‌ಗಳಲ್ಲಿ ಒಂದನ್ನು ಹಿಡಿಯಿರಿ.

ಭಾರವಾಗಿ ಒದ್ದಾಡುವ ಗ್ರಾಫ್

ದಿನಕ್ಕೊಂದು ಸಾಲಿನಂತೆ ಐವತ್ತು ವರ್ಷದ ಮಳೆ ಅಂದರೂ ಸುಮಾರು 18 ಸಾವಿರ ಸಾಲು, ಪ್ಲಾಟ್ಲಿಗೆ ಅದು ಹೆಚ್ಚೇನಲ್ಲ. ಆಲ್ಟೇರ್ ಮಾತ್ರ 5000 ಸಾಲು ದಾಟಿದ ಕೂಡಲೇ ಮ್ಯಾಕ್ಸ್‌ರೋಸ್ ಎರರ್ ಕೊಡುತ್ತದೆ, ಅಂದರೆ ಹದಿನಾಲ್ಕನೇ ವರ್ಷದ ಲೆಕ್ಕ ಮುಗಿಯುವುದರೊಳಗೆ. ವೆಗಾಫ್ಯೂಷನ್ ಎಂಬ ಜೊತೆ ಪ್ಯಾಕೇಜ್ ಹಾಕಿಕೊಂಡರೆ ಆ ಮಿತಿ ಸಡಿಲವಾಗುತ್ತದೆ. ನಿಜಕ್ಕೂ ಭಾರವಾಗುವುದು ಹದಿನೈದು ನಿಮಿಷಕ್ಕೊಮ್ಮೆ ಅಳೆಯುವ ಸ್ವಯಂಚಾಲಿತ ಹವಾಮಾನ ಕೇಂದ್ರದ ಲೆಕ್ಕ: ವರ್ಷಕ್ಕೆ 35 ಸಾವಿರ ಚುಕ್ಕೆ. ಅದನ್ನು ದಿನಕ್ಕೆ ಒಟ್ಟುಗೂಡಿಸಿ ಬಿಡಿಸಿ. ಎಲ್ಲ ಚುಕ್ಕೆಯೂ ಬೇಕೆಂದರೆ ಪ್ಲಾಟ್ಲಿಯ ಸ್ಕ್ಯಾಟರ್‌ಜಿಎಲ್ (ಗ್ರಾಫಿಕ್ಸ್ ಚಿಪ್ ಬಳಸಿ ಬಿಡಿಸುವ ವಿಧ) ಬಳಸಿ. ಆದರೆ ವರ್ಷಕ್ಕೊಂದರಂತೆ ಇಪ್ಪತ್ತು ಮೂವತ್ತು ಜಿಎಲ್ ಗ್ರಾಫ್ ಒಂದೇ ಪುಟದಲ್ಲಿ ಇಟ್ಟರೆ ಮೇಲಿನವು ಒಂದೊಂದಾಗಿ ಖಾಲಿಯಾಗುತ್ತವೆ, ಏಕೆಂದರೆ ಬ್ರೌಸರ್ ಒಂದು ಪುಟಕ್ಕೆ ಕೆಲವೇ ವೆಬ್‌ಜಿಎಲ್ ಕಾಂಟೆಕ್ಸ್ಟ್‌ಗಳನ್ನು (ಇಂಥ ಗ್ರಾಫ್ ಬಿಡಿಸಲು ಬೇಕಾದ ಜಾಗ) ಕೊಡುತ್ತದೆ. ಕ್ರೋಮ್‌ನಲ್ಲಿ ಅದು 16. ಕೋಡ್ ಸರಿಯಿದ್ದೂ ಹಳೆಯ ಗ್ರಾಫ್ ಅಳಿಸಿಹೋದರೆ ಇದನ್ನೇ ಮೊದಲು ಅನುಮಾನಿಸಿ.

‘ಐಒಪಬ್ ಡೇಟಾ ರೇಟ್ ಎಕ್ಸೀಡೆಡ್’ ಎಂಬ ಎಚ್ಚರಿಕೆ ಬಂದರೆ, ಕರ್ನಲ್‌ನಿಂದ ಬ್ರೌಸರ್‌ಗೆ ಕಳಿಸಲು ಇರುವ ಸೆಕೆಂಡಿಗೆ 10 ಲಕ್ಷ ಬೈಟ್‌ನ ಮಿತಿಯನ್ನು ನೀವು ದಾಟಿದ್ದೀರಿ. ಮಿತಿ ಏರಿಸಬಹುದು, ಆದರೆ ಕಳಿಸುವ ಲೆಕ್ಕವನ್ನೇ ಕಡಿಮೆ ಮಾಡುವುದು ಒಳ್ಳೆಯದು.

ಪುಸ್ತಕದಿಂದ ಬರುವ ದೋಷಗಳು

ಮೇಲಿನ ದೋಷಗಳು ಗ್ರಾಫನ್ನು ಮೂಡಲು ಬಿಡುವುದಿಲ್ಲ, ಆದ್ದರಿಂದ ತಕ್ಷಣ ಗೊತ್ತಾಗುತ್ತವೆ. ಇವು ಹಾಗಲ್ಲ. ಗ್ರಾಫ್ ಚೆಂದವಾಗಿ ಮೂಡುತ್ತದೆ, ಹಿಗ್ಗುತ್ತದೆ, ತಾರೀಖೂ ತೋರಿಸುತ್ತದೆ, ಮತ್ತು ಸುಳ್ಳು ಹೇಳುತ್ತದೆ. ನನಗೆ ಹೆಚ್ಚು ಕಳವಳ ಇರುವುದು ಇವುಗಳ ಬಗ್ಗೆಯೇ.

ನಮ್ಮ ತೋಟಗಳಲ್ಲಿ ಮಳೆ ಬರೆಯುವುದು ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ರೈಟರ್ (ತೋಟದ ಲೆಕ್ಕ ಬರೆಯುವವರು) ಪುಸ್ತಕದಲ್ಲಿ ‘2-10’ ಅಂತ ಬರೆದಿದ್ದರೆ ಎರಡು ಇಂಚು ಹತ್ತು ಸೆಂಟ್. ಅದನ್ನು ಹಾಗೇ ಎಕ್ಸೆಲ್‌ಗೆ ಹೊಡೆದರೆ, ಭಾರತದ ತಾರೀಖು ಕ್ರಮ ಇರುವ ಕಂಪ್ಯೂಟರಿನಲ್ಲಿ ಅದು ಅಕ್ಟೋಬರ್ 2 ಆಗಿ ಕೂರುತ್ತದೆ. ‘1-20’ ಯಾವುದೋ ವರ್ಷದ ಜನವರಿ ಆಗುತ್ತದೆ. ‘0-45’ ಮಾತ್ರ ಸೊನ್ನೆ ಇರುವುದರಿಂದ ಅಕ್ಷರವಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಾಲಂನಲ್ಲಿ ಅರ್ಧ ತಾರೀಖು, ಅರ್ಧ ಅಕ್ಷರ. ಪಾಂಡಾಸ್‌ನಲ್ಲಿ (ಕೋಷ್ಟಕದ ಲೆಕ್ಕ ಓದುವ ಪೈಥಾನ್ ಲೈಬ್ರರಿ) ಡಿಟೈಪ್ಸ್ ನೋಡಿದರೆ ಆ ಕಾಲಂ ಫ್ಲೋಟ್ (ಸಂಖ್ಯೆ) ಬದಲು ಆಬ್ಜೆಕ್ಟ್ (ಬೆರಕೆ) ಅಂತ ಇರುತ್ತದೆ. ಗ್ರಾಫ್‌ನಲ್ಲಿ ಇದರ ಗುರುತು: ಎಡಗಡೆಯ ಅಕ್ಷದ ಮೇಲೆ ಅಂಕಿಗಳು ಸಣ್ಣದರಿಂದ ದೊಡ್ಡದಕ್ಕೆ ಏರದೆ, ಪುಸ್ತಕದಲ್ಲಿ ಬಂದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಟೈಪ್ ಮಾಡುವ ಮೊದಲೇ ಕಾಲಂಅನ್ನು ಟೆಕ್ಸ್ಟ್ ಮಾಡಿಕೊಳ್ಳಿ.

ಅಡ್ಡಗೆರೆಯನ್ನು ಚುಕ್ಕಿಯಾಗಿ ಬದಲಿಸಿದರೆ ಮುಗಿಯಿತು ಅಂತ ಹಲವರು ಅಂದುಕೊಳ್ಳುತ್ತಾರೆ. ‘1-5’ ನೋಡಿ. ಅದು ಒಂದು ಇಂಚು ಐದು ಸೆಂಟ್, ಅಂದರೆ 1.05. ಚುಕ್ಕಿ ಹಾಕಿದರೆ 1.5 ಆಗುತ್ತದೆ: ಒಂದೇ ದಿನಕ್ಕೆ 11 ಮಿಲಿಮೀಟರ್‌ಗೂ ಹೆಚ್ಚು ಸುಳ್ಳು ಮಳೆ. ಅಡ್ಡಗೆರೆಯಲ್ಲಿ ಸೀಳಿ, ಎಡಗಡೆಯದು ಇಂಚು, ಬಲಗಡೆಯದನ್ನು ನೂರರಿಂದ ಭಾಗಿಸಿ ಕೂಡಿಸಿ. ಬೇರೆ ಅಡ್ಡದಾರಿ ಇಲ್ಲ.

ಎರಡನೆಯದು ತಾರೀಖು. ‘05-04-2019’ ನಮಗೆ ಏಪ್ರಿಲ್ 5, ಪಾಂಡಾಸ್‌ಗೆ ತಾನಾಗಿ ಮೇ 4. 2.0ಕ್ಕಿಂತ ಹಳೆಯ ಪಾಂಡಾಸ್ ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಊಹಿಸುತ್ತಿತ್ತು: 12ರವರೆಗಿನ ತಾರೀಖು ತಿರುಗಿಹೋಗಿ, 13ರ ನಂತರದ್ದು ಸರಿಯಾಗಿ ಬರುತ್ತಿತ್ತು. ಗೆರೆ ಹಿಂದಕ್ಕೂ ಮುಂದಕ್ಕೂ ಓಡಿ ಗರಗಸದಂತೆ ಕಾಣುವುದು ಇದರ ಗುರುತು. ಹೊಸ ಪಾಂಡಾಸ್ ಮೊದಲ ಸಾಲು ನೋಡಿ ಕ್ರಮ ನಿರ್ಧರಿಸುತ್ತದೆ, ಮುಂದೆ ಹೊಂದದ ಸಾಲು ಬಂದಾಗ ಎರರ್ ಕೊಟ್ಟು ನಿಲ್ಲುತ್ತದೆ. ಆದರೆ ರೀಡ್_ಸಿಎಸ್‌ವಿಯೊಳಗೇ ತಾರೀಖು ಓದಿಸಿದರೆ ನಿಲ್ಲುವುದಿಲ್ಲ, ಕಾಲಂಅನ್ನು ಅಕ್ಷರವಾಗಿಯೇ ಬಿಟ್ಟುಬಿಡುತ್ತದೆ. ಟು_ಡೇಟ್‌ಟೈಮ್‌ಗೆ ಫಾರ್ಮ್ಯಾಟನ್ನು ದಿನ, ತಿಂಗಳು, ವರ್ಷ ಅಂತ ಬಿಡಿಸಿ ಕೊಟ್ಟರೆ ಊಹೆಗೆ ಜಾಗವೇ ಇರುವುದಿಲ್ಲ.

ಮೂರನೆಯದು ಖಾಲಿ ಸಾಲು. ಪುಸ್ತಕದಲ್ಲಿ ‘ಇಲ್ಲ’ ಅಂತ ಬರೆದಿದ್ದರೆ ಮಳೆ ಬಂದಿಲ್ಲ, ಅದು ಸೊನ್ನೆ. ಏನೂ ಬರೆಯದಿದ್ದರೆ ಅವತ್ತು ಅಳೆದಿಲ್ಲ. ಅಕ್ಷರವನ್ನು ಅಂಕಿ ಮಾಡುವ ಟು_ನ್ಯೂಮರಿಕ್‌ಗೆ ಕೊಅರ್ಸ್ ಕೊಟ್ಟರೆ ಎರಡೂ ಒಂದೇ ‘ನ್ಯಾನ್’ (ಅಂಕಿಯಿಲ್ಲ ಎಂಬ ಗುರುತು) ಆಗಿ, ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ತುಂಡಾದದ್ದು ಚೆನ್ನಾಗಿ ಕಾಣುವುದಿಲ್ಲ ಅಂತ ಎಲ್ಲಕ್ಕೂ ಸೊನ್ನೆ ತುಂಬಬೇಡಿ. ‘ಇಲ್ಲ’ ಇದ್ದಲ್ಲಿ ಮಾತ್ರ ಸೊನ್ನೆ ಹಾಕಿ. ರೈಟರ್ ರಜೆ ಹೋದ ಮರುದಿನದ ಅಂಕಿಯಲ್ಲಿ ಎರಡು ದಿನದ ಮಳೆ ಸೇರಿರುತ್ತದೆ, ಆದ್ದರಿಂದ ಖಾಲಿ ಸಾಲಿನ ಪಕ್ಕದ ದೊಡ್ಡ ಕಂಬವನ್ನು ಒಂದೇ ದಿನದ ಮಳೆ ಅಂತ ಓದಲೂಬೇಡಿ. ಗೆರೆಯ ತುಂಡು ಆ ಎಚ್ಚರವನ್ನು ಕೊಡುತ್ತದೆ, ಉಳಿಸಿಕೊಳ್ಳಿ.

ಇಷ್ಟಾದ ಮೇಲೆ ಗ್ರಾಫ್‌ನಲ್ಲಿ ಯಾವುದಾದರೂ ಐದಾರು ಕಂಬಗಳ ಮೇಲೆ ಮೌಸ್ ಇಟ್ಟು, ಕಂಡ ತಾರೀಖು ಮತ್ತು ಇಂಚನ್ನು ಪುಸ್ತಕದ ಜೊತೆ ತಾಳೆ ನೋಡಿ. ತಿಂಗಳ ಮೊದಲ ಹನ್ನೆರಡು ದಿನದೊಳಗಿನ ಎರಡಾದರೂ, ಹತ್ತು ಸೆಂಟ್‌ಗಿಂತ ಕಡಿಮೆ ಇರುವ ಒಂದಾದರೂ ಅದರಲ್ಲಿ ಇರಲಿ.

ಮನೆಯವರಿಗೆ ಕಳಿಸುವಾಗ

ನೋಟ್‌ಬುಕ್ ಕಡತವನ್ನೇ ಕಳಿಸಿದರೆ ಫೋನಿನಲ್ಲಿ ತೆರೆಯಲು ಅವರಿಗೆ ಆಗುವುದಿಲ್ಲ. ಗಿಟ್‌ಹಬ್‌ಗೆ ಹಾಕಿದರೂ ಅಲ್ಲಿ ಜಾವಾಸ್ಕ್ರಿಪ್ಟ್ ಓಡದ ಕಾರಣ ಪ್ಲಾಟ್ಲಿ ಗ್ರಾಫ್ ಜೀವಂತವಾಗಿ ಕಾಣುವುದಿಲ್ಲ. ಪರೀಕ್ಷೆಗೆ ಬಳಸಿದ ರೈಟ್_ಎಚ್‌ಟಿಎಂಎಲ್ ಇಲ್ಲೂ ಬಳಕೆಗೆ ಬರುತ್ತದೆ. ಇನ್‌ಕ್ಲೂಡ್_ಪ್ಲಾಟ್ಲಿಜೆಎಸ್ ಅನ್ನು ಸಿಡಿಎನ್ ಮಾಡಿದರೆ ಕಡತ ಸಣ್ಣದು, ಆದರೆ ತೆರೆಯಲು ನೆಟ್ ಬೇಕು. ಟ್ರೂ ಬಿಟ್ಟರೆ ನಾಲ್ಕೈದು ಎಂಬಿ ಆದರೂ ನೆಟ್ ಇಲ್ಲದೆ ತೆರೆಯುತ್ತದೆ. ತೋಟಕ್ಕೆ ಕಳಿಸುವುದಾದರೆ ಟ್ರೂ ಬಿಡಿ, ಮತ್ತು ಕಳಿಸುವ ಮೊದಲು ನಿಮ್ಮ ಫೋನಿನ ಡೇಟಾ ಆರಿಸಿ ಒಮ್ಮೆ ತೆರೆದು ನೋಡಿ.